ನೇರಳೆ ಬಟ್ಟೆಯಲ್ಲಿ ಕಟ್ಟಿಟ್ಟ ಫೋನು

ಹೋದ ತಿಂಗಳು ನಾಗಮಂಗಲದ ಕಡೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಯಾವುದೋ ಊರ ಮುಂದೆ ನಿಂತಾಗ, ಬಿಸಿಲಿಗೆ ಹರವಿದ್ದ ಹುಣಸೆಹಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ನಗು ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿ, ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವರಿಗೆ ವಿವರಿಸೋಣವೆಂದರೆ ಒಂದು ಸ್ಟಾಪಿನಲ್ಲಿ ಮುಗಿಯುವ ಕಥೆಯಲ್ಲ ಇದು.

ನರ್ಸ್ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನನ್ನು ಆ ಸೀಮೆಯ ಒಂದು ಹಳ್ಳಿಯ ಉಪಕೇಂದ್ರಕ್ಕೆ ಹಾಕಿದ್ದರು. ನಾನು ಶ್ರೀರಂಗಪಟ್ಟಣದ ಪಕ್ಕದವಳು. ಕಾವೇರಿ ನಾಲೆ, ಭತ್ತದ ಗದ್ದೆ, ಊರ ನಡುವೆ ಚರ್ಚು, ಚರ್ಚಿನ ಸುತ್ತ ನಮ್ಮದೇ ಜನ, ಹೀಗೆ ಬೆಳೆದವಳಿಗೆ ನಾಗಮಂಗಲದ ಒಣ ನೆಲ, ರಾಗಿ ಹೊಲ, ತೆಂಗಿನ ಸಾಲು ನೋಡಿ ಎದೆಯೂ ಒಣಗಿದಂತಾಗಿತ್ತು. ಉಪಕೇಂದ್ರದ ಹಿಂದೆಯೇ ಒಂದು ಕೋಣೆಯ ಕ್ವಾರ್ಟರ್ಸು. ಊರಲ್ಲಿ ಕ್ರೈಸ್ತರೆಂದರೆ ನಾನೊಬ್ಬಳೇ. ಭಾನುವಾರ ಪೂಜೆಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು, ಅದೂ ರಜೆ ಸಿಕ್ಕಿದರೆ. ಹಾಗಾಗಿ ನನ್ನ ಚರ್ಚು ಇದ್ದದ್ದು ಫೋನಿನಲ್ಲಿ.

ದಿನಾ ಸಂಜೆ ಏಳಕ್ಕೆ ಅವ್ವ ಗ್ರೂಪ್ ಕಾಲ್ ಮಾಡುತ್ತಿದ್ದಳು. ಅವ್ವನೆಂದರೆ ಫಿಲೋಮಿನಮ್ಮ, ನಮ್ಮೂರಿನಲ್ಲಿ ಜಪಸರದ ಪ್ರಾರ್ಥನೆ ಶುರು ಮಾಡಲು ಚರ್ಚಿನ ಸ್ವಾಮಿಗಳೂ ಅವಳ ಗಂಟಲಿಗೇ ಕಾಯುತ್ತಾರೆ. ಪಾಂಡವಪುರದಿಂದ ನನ್ನ ಸೋದರತ್ತೆ ಲೂರ್ದಮ್ಮ, ಕೃಷ್ಣರಾಜಪೇಟೆಯಿಂದ ಅವ್ವನ ಬಾಲ್ಯದ ಗೆಳತಿ ತೆರೇಸಕ್ಕ, ನಾಗಮಂಗಲದ ಕಡೆಯಿಂದ ನಾನು. ನಾಲ್ಕು ತಾಲ್ಲೂಕುಗಳಿಂದ ನಾಲ್ಕು ದನಿ ಸೇರಿ ಮಣಿ ಎಣಿಸುತ್ತಿದ್ದೆವು. ತೆರೇಸಕ್ಕನ ದನಿ ಒಂದು ಪದ ಹಿಂದೆ ಬರುತ್ತಿತ್ತು, ನೆಟ್‌ವರ್ಕ್ ತೊಂದರೆ. ಲೂರ್ದಮ್ಮತ್ತೆ ಅವ್ವನಿಗಿಂತ ಒಂದು ಪದ ಮುಂದಿರುತ್ತಿದ್ದಳು, ಅದು ನಾದಿನಿ ಅತ್ತಿಗೆಯರ ತೊಂದರೆ. ಅರ್ಧ ಗಂಟೆ ಪ್ರಾರ್ಥನೆ, ಆಮೇಲೆ ಹತ್ತು ನಿಮಿಷ ಊರ ಸುದ್ದಿ. ಅಷ್ಟರ ಬಲದ ಮೇಲೆ ನಾನು ಮಾರನೆಯ ದಿನ ಕಳೆಯುತ್ತಿದ್ದೆ.

ಕಾಲ್ ಮುಗಿದ ಮೇಲೂ ಫೋನು ಕೈಬಿಡುತ್ತಿರಲಿಲ್ಲ. ಯಾರದೋ ಅಡುಗೆ, ಯಾರದೋ ಸೀರೆ, ಯಾರದೋ ಮನೆಯ ಗೃಹಪ್ರವೇಶ, ಬೆರಳಾಡಿಸುತ್ತಾ ಕಣ್ಣು ಮುಚ್ಚುವವರೆಗೂ ನೋಡುತ್ತಿದ್ದೆ. ನನ್ನ ಕ್ವಾರ್ಟರ್ಸಿಗಿಂತ ದೊಡ್ಡ ಫ್ರಿಜ್ಜು ಇಟ್ಟುಕೊಂಡವರೆಲ್ಲ ನನಗೆ ಪರಿಚಯವಾಗಿದ್ದರು. ಗೋಡೆಯಾಚೆಯ ಮನೆಯವರ ಬಗ್ಗೆ ಮಾತ್ರ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಆ ವರ್ಷ ತಪಸ್ಸು ಕಾಲ ಬಂತು. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಾವು ಉಪವಾಸ ಹಿಡಿಯುತ್ತೇವೆ. ಅವ್ವನಂಥವರು ಅಷ್ಟೂ ದಿನ ಮಾಂಸ ಮುಟ್ಟುವುದಿಲ್ಲ. ಶುರುವಾಗುವುದು ಬೂದಿ ಬುಧವಾರ. ಆ ದಿನದ ಪೂಜೆಯನ್ನು ನಮ್ಮೂರ ಚರ್ಚಿನವರು ಫೋನಿನಲ್ಲಿ ನೇರವಾಗಿ ತೋರಿಸಿದರು. ನಾನು ಹಣೆಗೆ ಬೂದಿಯಿಲ್ಲದೆ, ಮಂಚದ ಮೇಲೆ ಕುಳಿತು ನೋಡಿದೆ. ಹೊಸದಾಗಿ ಬಂದಿದ್ದ ಸ್ವಾಮಿಗಳು ಎಳೆಯ ವಯಸ್ಸಿನವರು, ಖುಷಿ ಸ್ವಭಾವದವರು. "ಕೋಳಿ ಕುರಿ ಬಿಡೋದು ನಿಮಗೆಲ್ಲ ರೂಢಿ ಆಗೋಗಿದೆ. ಈ ಸಲ ಸಂಜೆ ಏಳರ ಮೇಲೆ ಫೋನ್ ಬಿಡಿ. ಮನೇಲಿರೋರ ಮುಖ ನೋಡಿ," ಎಂದರು. ಫೋನು ಬಿಡಿ ಎಂಬ ಬೋಧನೆಯನ್ನು ನಾನು ಫೋನಿನಲ್ಲೇ ಕೇಳಿದೆ. ಮನೆಯಲ್ಲಿರುವವರ ಮುಖ ಎಂದರೆ, ನನ್ನ ಕೋಣೆಯಲ್ಲಿ ಇದ್ದದ್ದು ಕನ್ನಡಿಯೊಳಗಿನ ಒಂದು ಮುಖ.

ಸ್ವಾಮಿಗಳು ಹೇಳಿದ್ದು ಸಂಜೆಯ ಮಾತು. ಅವ್ವನ ಭಕ್ತಿಗೆ ಅಷ್ಟು ಸಾಲದು. ತಪಸ್ಸು ಕಾಲದ ಕೊನೆಯ ವಾರಗಳಲ್ಲಿ ಚರ್ಚಿನ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚುವ ಪದ್ಧತಿ ನಮ್ಮಲ್ಲಿದೆ. ಹಬ್ಬದವರೆಗೆ ಅದನ್ನು ಯಾರೂ ಬಿಚ್ಚುವುದಿಲ್ಲ. ಆ ಬಟ್ಟೆ ಹೊಲಿಯುವವಳು ಅವ್ವನೇ. ಉಳಿದ ತುಂಡಿನಲ್ಲಿ ಆ ಬುಧವಾರವೇ ತನ್ನ ಫೋನನ್ನು ಸುತ್ತಿ, ಮೂರು ಗಂಟು ಹಾಕಿ, ಮನೆಯ ಪೀಠದ ಮೇಲೆ ಮಾತೆಯ ಪ್ರತಿಮೆಯ ಪಾದದ ಬಳಿ ಇಟ್ಟುಬಿಟ್ಟಳು. ಸಂಜೆ ಏಳಕ್ಕೆ ನನಗೆ ಕಾಲ್ ಬರಲಿಲ್ಲ. ನಾನೇ ಮಾಡಿದೆ. ಮತ್ತೆ ಮಾಡಿದೆ. ಕೊನೆಗೆ ಅಪ್ಪನ ಹಳೆಯ ಬಟನ್ ಫೋನಿಗೆ ಮಾಡಿದರೆ ಅಪ್ಪನಿಗೆ ನಗು ತಡೆಯಲಾಗುತ್ತಿಲ್ಲ.

"ನೀನೇನಾ ಮಾಡ್ತಿದ್ದುದ್ದು? ಅದು ಮಾತೆ ಪಾದದ್ ತವ ಗುರ್ ಗುರ್ ಅಂತ ಒದ್ದಾಡ್ತಾ ಅದೆ ಕಣವ್ವ. ಬಿಚ್ಚು ಅಂದ್ರೆ ನಿಮ್ಮವ್ವ ನನ್ನೇ ತಿಂದಾಕೋ ಅಂಗೆ ನೋಡ್ತಾವ್ಳೆ. ಹಬ್ಬದ ಗಂಟ ಬಿಚ್ಚಕಿಲ್ವಂತೆ."

"ನಿಮ್ ಫೋನಲ್ಲೇ ಜಪಸರ ಹೇಳ್ಲಿ ಅಪ್ಪ."

"ಅದ್ನೂ ಕೇಳ್ದೆ. ಪಕ್ಕದ್ ಮನೇಲಿ ಉಂಡ್ರೆ ಉಪಾಸ ಆಯ್ತದಾ ಅಂತಾಳೆ."

ಎರಡು ದಿನ ಒದ್ದಾಡಿದ ಫೋನು ಮೂರನೆಯ ದಿನಕ್ಕೆ ಚಾರ್ಜು ಮುಗಿದು ತಣ್ಣಗಾಯಿತು. ಅತ್ತಿಗೆ ಮಾಡಿದ್ದನ್ನು ಕೇಳಿ ಲೂರ್ದಮ್ಮತ್ತೆ ಸುಮ್ಮನಿರುತ್ತಾಳೆಯೇ? ತನ್ನ ಫೋನನ್ನು ರಾಗಿ ಡಬ್ಬದೊಳಗೆ ಹೂತಳಂತೆ. ತೆರೇಸಕ್ಕ ತನ್ನ ಯಜಮಾನರ ಪೆಟ್ಟಿಗೆಗೆ ಹಾಕಿ ಬೀಗ ಜಡಿಸಿದಳು. ಇವರು ಮೂವರೂ ಸ್ವರ್ಗಕ್ಕೆ ಹೊರಟಿದ್ದರು, ನನ್ನನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು. ನನಗೆ ಸಿಟ್ಟು ಬೇಗ ಬರುತ್ತದೆ, ಅಳು ಅದಕ್ಕಿಂತ ಬೇಗ. ಆ ಸಂಜೆ ಎರಡೂ ಬಂದವು. ಫೋನು ತೆಗೆದು ರೀಲ್ಸ್ ನೋಡಲು ಹೋದೆ, ಉಪವಾಸವೆಂಬ ಅಳುಕು. ಇಟ್ಟುಬಿಟ್ಟರೆ, ಒಂದು ಕೋಣೆಯ ಮೌನ. ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ: "ಪಾಸ್ಕ ಹಬ್ಬಕ್ಕೆ ಬರ್ತೀನಿ. ಬಂದರೆ ಮತ್ತೆ ಇಲ್ಲಿಗೆ ಬರಲ್ಲ. ಕೆಲಸ ಬಿಡ್ತೀನಿ." ಬೆದರಿಸಲು ಹೇಳಿದ್ದಲ್ಲ. ನಿಜವಾಗಿಯೂ ಬಿಡುವವಳಿದ್ದೆ.

ಕೋಣೆಯಲ್ಲಿ ಕುಳಿತಿರಲಾಗದೆ ಮಾರನೆಯ ಸಂಜೆ ಜಪಸರ ಹಿಡಿದು ಹೊರಗೆ ಜಗಲಿಗೆ ಬಂದೆ. ಮಾರ್ಚಿನ ಸೆಖೆ. ಹೊಂಗೆ ಮರಗಳು ಹೊಸ ಚಿಗುರು ಬಿಟ್ಟಿದ್ದವು. ಪಕ್ಕದ ಮನೆಯ ಜಗಲಿಯಲ್ಲಿ ಐದಾರು ಹೆಂಗಸರು ಹುಣಸೆಹಣ್ಣಿನ ರಾಶಿಯ ಸುತ್ತ ಕುಳಿತು ಬೀಜ ಬಿಡಿಸುತ್ತಿದ್ದರು. ಆ ಮನೆಯ ಯಜಮಾನಿ ಸಾಕಮ್ಮ. ಗೌಡರ ಮನೆ, ಎರಡು ಸೀಮೆಹಸು, ಡೈರಿಗೆ ಹಾಲು ಹಾಕಿ ಬಂದರೆ ಸಂಜೆಯೆಲ್ಲ ಅವಳ ಜಗಲಿಯೇ ಊರಿನ ಆಕಾಶವಾಣಿ. ನನ್ನನ್ನು ಕಂಡವಳೇ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟಳು.

"ಏನ್ ಸಿಸ್ಟ್ರಮ್ಮ, ಇವತ್ತು ಈಚೆಗ್ ಬಂದ್ಬುಟ್ಟೆ? ಏಳ್ ಗಂಟೆ ಆಯ್ತು ಅಂದ್ರೆ ಬಾಗ್ಲಾಕ್ಕಂಡು ಗುಸುಗುಸು ಮಾತಾಡ್ತಿದ್ದೆ. ಯಾವನೋ ಅವ್ನೆ ಅಂತ ನಾವೆಲ್ಲ ಅನ್ಕಂಡಿದ್ದೋ."

"ಯಾವನೂ ಇಲ್ಲ ಸಾಕಮ್ಮ. ನಮ್ಮವ್ವ, ನಮ್ಮತ್ತೆ, ಇನ್ನೊಬ್ಬಳು ಮುದುಕಿ."

ಜಗಲಿಯ ತುಂಬ ನಗು. ಅಷ್ಟು ದಿನ ನನ್ನ ಬಗ್ಗೆ ಊರು ಕಟ್ಟಿದ್ದ ಕಥೆಯಲ್ಲಿ ಹುಡುಗ ಇದ್ದದ್ದು ಬೆಂಗಳೂರಿನಲ್ಲಂತೆ, ಕಾರೂ ಇತ್ತಂತೆ. ಒಬ್ಬಳು ಕಾರಿನ ಬಣ್ಣವನ್ನೂ ಹೇಳಿದಳು. ನಾನು ನಕ್ಕು ನಕ್ಕು ಅವರ ನಡುವೆಯೇ ಕುಳಿತೆ. ಸಾಕಮ್ಮ ನನ್ನ ಮುಂದೆ ಒಂದು ಮುಷ್ಟಿ ಹುಣಸೆಹಣ್ಣು ಸುರಿದು, "ಮಣಿ ಎಣ್ಸಾದು ಮುಗುದ್ಮೇಲೆ ಬೀಜ ಬುಡ್ಸು. ಕೈ ಸುಮ್ನಿರ್ಬಾರ್ದು," ಎಂದಳು.

ದಿನಾ ಹಾಗೇ ಆಯಿತು. ನಾನು ನನ್ನ ಜಗಲಿಯಲ್ಲಿ ಜಪಸರ ಹೇಳುತ್ತಿದ್ದೆ, ಅವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಮುಗಿದ ಮೇಲೆ ಆಚೆ ಹೋಗಿ ಕುಳಿತರೆ ಬಸುರಿ ಬಾಣಂತಿಯರ ಸಂಗತಿ ತಾನಾಗಿಯೇ ಬರುತ್ತಿತ್ತು. ಹಗಲು ಮನೆಮನೆ ತಿರುಗಿ ಕೇಳಿದರೂ ಹೇಳದವರು, ಹುಣಸೆಹಣ್ಣು ಮುಂದಿದ್ದರೆ ಎಲ್ಲವನ್ನೂ ಹೇಳುತ್ತಿದ್ದರು. ಯಾರಿಗೆ ಕಾಲು ಊದಿದೆ, ಯಾರು ಕಬ್ಬಿಣದ ಮಾತ್ರೆಯನ್ನು ಕೋಳಿಗೂಡಿನ ಹಿಂದೆ ಎಸೆಯುತ್ತಾಳೆ, ಎಲ್ಲ ಗೊತ್ತಾಯಿತು. ಖುಷಿಯಾಗುತ್ತಿತ್ತು. ಆದರೆ ಮಣಿ ಹಿಡಿದು ನಾನು ಅರ್ಧ ಹೇಳಿ ನಿಲ್ಲಿಸಿದಾಗ, ಉಳಿದರ್ಧ ಹೇಳುವ ಆ ಮೂರು ದನಿ ಬರುತ್ತಿರಲಿಲ್ಲ. ಆ ಜಾಗ ಯಾರಿಂದಲೂ ತುಂಬುತ್ತಿರಲಿಲ್ಲ. ಊರಿಗೆ ಹೊರಟುಹೋಗುವ ಮನಸ್ಸು ಹಾಗೇ ಇತ್ತು.

ಒಂದು ಶುಕ್ರವಾರ ಲಸಿಕೆ ಹಾಕುವ ಕೆಲಸ ಮುಗಿಸಿ ಮಧ್ಯಾಹ್ನ ಕ್ವಾರ್ಟರ್ಸಿಗೆ ಬಂದರೆ, ಸಾಕಮ್ಮನ ಜಗಲಿಯಲ್ಲಿ ಮೂವರು ಮುದುಕಿಯರು ಸೆರಗಿನಿಂದ ಗಾಳಿ ಬೀಸಿಕೊಂಡು ಕುಳಿತಿದ್ದಾರೆ. ನನ್ನವ್ವ, ಲೂರ್ದಮ್ಮತ್ತೆ, ತೆರೇಸಕ್ಕ!

ನಾನು ಕೆಲಸ ಬಿಡುವ ಮಾತು ಅಪ್ಪನಿಂದ ಅವ್ವನಿಗೆ ಮುಟ್ಟಿತ್ತು. ಮಗಳನ್ನು ನೋಡಬೇಕು, ಫೋನು ಬಿಚ್ಚಬಾರದು. ಸರಿ, ಹಿಂದಿನ ದಿನ ಬೆಳಗ್ಗೆ ಆಧಾರ್ ಕಾರ್ಡು ಹಿಡಿದು ಪುಕ್ಕಟೆ ಬಸ್ಸು ಹತ್ತಿದ್ದಾಳೆ. ಪಾಂಡವಪುರದಲ್ಲಿಳಿದು ಲೂರ್ದಮ್ಮತ್ತೆಯನ್ನು ಎಬ್ಬಿಸಿದ್ದಾಳೆ. ಇಬ್ಬರೂ ಕೃಷ್ಣರಾಜಪೇಟೆಗೆ ಹೋದರೆ ತೆರೇಸಕ್ಕ ಹೊಸಹೊಳಲಿನ ನೆಂಟರ ಮನೆಗೆ ಹೋಗಿದ್ದಳಂತೆ, ಅಲ್ಲಿಗೂ ಹೋಗಿ ಹಿಡಿದು ತಂದಿದ್ದಾರೆ. ಅವಳ ಮನೆಯಲ್ಲೇ ತಂಗಿ, ಬೆಳಗಾದ ಮೇಲೆ ನಾಗಮಂಗಲದ ಬಸ್ಸು. ಒಂದು ಫೋನಿನಲ್ಲಿ ಮುಗಿಯುವ ಕೆಲಸಕ್ಕೆ ಮೂವರೂ ಸೇರಿ ನಾಲ್ಕು ತಾಲ್ಲೂಕು ಸುತ್ತಿದ್ದರು. ಎಲ್ಲರ ಮುಖದಲ್ಲೂ ಪ್ರವಾಸಕ್ಕೆ ಬಂದ ಮಕ್ಕಳ ಗೆಲುವು.

ಅವ್ವನನ್ನು ತಬ್ಬಿಕೊಂಡೆ. ಬಯ್ಯಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಆಗಲೇ ಮೂಗಿಗೆ ಬಡಿಯಿತು ವಾಸನೆ. ಸಾಕಮ್ಮನ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿತ್ತು.

ತಪಸ್ಸು ಕಾಲದ ಶುಕ್ರವಾರ. ವರ್ಷವಿಡೀ ಹೇಗಿದ್ದರೂ ಆ ದಿನ ಮಾಂಸ ಮುಟ್ಟುವಂತೆಯೇ ಇಲ್ಲ. ನಾನು ಒಳಗೋಡಿ ಸಾಕಮ್ಮನ ಕಿವಿಯಲ್ಲಿ ಹೇಳೋಣವೆಂದರೆ ಅವಳು ಸಂಭ್ರಮದಲ್ಲಿ ನನ್ನನ್ನು ಮಾತಾಡಲೇ ಬಿಡಲಿಲ್ಲ.

"ಸಿಸ್ಟ್ರಮ್ಮನ್ ತಾಯಿ ಮೊದುಲ್ ಸಲ ಬಂದವ್ರೆ. ಬರೀ ಸೊಪ್ಪಿನ್ ಸಾರು ಆಕಿ ಕಳ್ಸಕಾಯ್ತದಾ? ಮೊಟ್ಟೆ ಇಕ್ಕಾ ಕೋಳಿನೇ ಇಡ್ದುಬುಟ್ಟೆ. ಓಗ್ಲಿ ಬುಡು, ಇನ್ನೊಂದ್ ಅದೆ."

ಮೊಟ್ಟೆಯಿಡುವ ಕೋಳಿ! ನಾನು ಬಾಗಿಲಲ್ಲೇ ನಿಂತೆ. ನಡುಮನೆಯಲ್ಲಿ ಚಾಪೆ ಹಾಸಿ, ತಟ್ಟೆ ಇಟ್ಟು, ಬಿಸಿ ಮುದ್ದೆ ಹಾಕಿಯಾಗಿತ್ತು. ಲೂರ್ದಮ್ಮತ್ತೆ ಅವ್ವನ ಕಡೆ ಬಾಗಿ, "ಅತ್ತಿಗೆ, ಶುಕ್ರವಾರ," ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅವ್ವ ತಟ್ಟೆ ನೋಡಿದಳು. ಸೌಟು ಹಿಡಿದು ನಿಂತಿದ್ದ ಸಾಕಮ್ಮನ ಮುಖ ನೋಡಿದಳು. ಒಲೆಯ ಝಳಕ್ಕೆ ಸಾಕಮ್ಮನ ಹಣೆಯ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಅವ್ವ ಹಣೆಗೂ ಎದೆಗೂ ಶಿಲುಬೆ ಗುರುತು ಹಾಕಿಕೊಂಡು, "ಆಕವ್ವ ತಾಯಿ. ಘಮಘಮ ಅಂತದೆ," ಎಂದಳು.

ತುಂಡು ಬಿದ್ದವು. ಅವ್ವ ಉಂಡಳು. ಬೇಡವೆನ್ನದೆ ಎರಡನೆಯ ಸಲವೂ ಹಾಕಿಸಿಕೊಂಡಳು. ಜ್ವರ ಬಂದು ಬಾಯಿ ಕೆಟ್ಟಾಗಲೂ ತಪಸ್ಸು ಕಾಲದಲ್ಲಿ ಮೀನಿನ ಸಾರು ಮುಟ್ಟದ ನನ್ನವ್ವ! ತೆರೇಸಕ್ಕ ಅವ್ವನನ್ನು ನೋಡಿಕೊಂಡು ತಾನೂ ಶುರು ಮಾಡಿದಳು, ಅವಳಿಗೆ ನೆಪ ಸಾಕಿತ್ತು. ಲೂರ್ದಮ್ಮತ್ತೆ ಮಾತ್ರ ಸಾರಿಗೆ ಮುದ್ದೆ ಅದ್ದಿಕೊಂಡು ನುಂಗಿ, ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿ, "ಅಗಿಯಕ್ಕೆ ಅಲ್ಲಿಲ್ಲ ಕಣವ್ವ ನಂಗೆ," ಎಂದು ಹೇಳಿ ಪಾಪದಿಂದಲೂ ಪಾರಾದಳು, ಮರ್ಯಾದೆಯಿಂದಲೂ ಪಾರಾದಳು.

ಊಟವಾದ ಮೇಲೆ ನನ್ನ ಜಗಲಿಯಲ್ಲಿ ನಾನೂ ಅವ್ವನೂ ಕುಳಿತೆವು. ಅವ್ವ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಸಾಕಮ್ಮನ ಕೋಳಿಗೆ ಉಪಾಸ ಬಿಟ್ಟೆ. ನನಗೆ ಬಿಡಕ್ಕೆ ಆಗ್ಲಿಲ್ವಾ ಅವ್ವ?"

ಅವಳ ಕೈ ನಿಂತಿತು. "ಅವ್ಳು ಮೊಟ್ಟೆ ಇಕ್ಕಾ ಕೋಳಿ ಕುಯ್ದವ್ಳೆ ಕಣೆ. ಒಲ್ಲೆ ಅಂದಿದ್ರೆ ಅವ್ಳ್ ಮುಖ ನೋಡಕಾಯ್ತಿತ್ತಾ?"

"ನನ್ನ ಮುಖ ನಿನಗೆ ಕಾಣಿಸ್ತಿರಲಿಲ್ಲ. ಅದಕ್ಕೇ."

ಅವ್ವ ಎಲೆಯಡಿಕೆ ಚೀಲ ಪಕ್ಕಕ್ಕಿಟ್ಟಳು. ಆಮೇಲೆ ತನ್ನ ಕೈಚೀಲದ ಅಡಿಗೆ ಕೈಹಾಕಿ ನೇರಳೆ ಗಂಟನ್ನು ಹೊರತೆಗೆದಳು. ಮನೆಯಲ್ಲಿಟ್ಟರೆ ಅಪ್ಪ ಬಿಚ್ಚಿಬಿಡುತ್ತಾನೆಂದು ಜೊತೆಗೇ ಹೊತ್ತು ತಂದಿದ್ದಳು. ಗಂಟು ಬಿಚ್ಚಲು ಬರಲಿಲ್ಲ, ಅಷ್ಟು ಬಿಗಿಯಾಗಿ ಹಾಕಿದ್ದಳು. ಹಲ್ಲಿನಲ್ಲಿ ಕಚ್ಚಿ ಎಳೆದಳು.

"ನಾನು ದೇವ್ರಿಗೆ ಅಂತ ಕಟ್ಟಿಟ್ಟೆ ಕಣ್ ಮಗ. ನಿನ್ ಬಾಯ್ ಕಟ್ತಾ ಇವ್ನಿ ಅಂತ ಒಳೀನೇ ಇಲ್ಲ," ಎಂದಳು. ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಹೇಳಿದೆನಲ್ಲ, ನನಗೆ ಬೇಗ ಬರುತ್ತದೆ. ಫೋನನ್ನು ನನ್ನ ಚಾರ್ಜರಿಗೆ ಹಾಕಿದೆವು. ಎದ್ದು ಕುಳಿತ ಕೂಡಲೇ ಅದು ತಾನು ಕಳೆದುಕೊಂಡ ಸುದ್ದಿಗಳನ್ನೆಲ್ಲ ಒಟ್ಟಿಗೇ ಟಿಣ್ ಟಿಣ್ ಎಂದು ಹೇಳತೊಡಗಿತು. ಅವ್ವ ಬೆಚ್ಚಿ ಅದರ ಮೇಲೆ ದಿಂಬು ಮುಚ್ಚಿದಳು.

ಆ ಸಂಜೆ ನಾವು ನಾಲ್ವರೂ ಒಂದೇ ಜಗಲಿಯಲ್ಲಿ ಕುಳಿತು ಜಪಸರ ಹೇಳಿದೆವು. ತೆರೇಸಕ್ಕನ ದನಿ ಆಗಲೂ ಒಂದು ಪದ ಹಿಂದೆಯೇ ಬಂತು. ಪಾಪ, ಅಷ್ಟು ದಿನ ನೆಟ್‌ವರ್ಕನ್ನು ಬಯ್ದಿದ್ದೆ. ಸಾಕಮ್ಮನೂ ಅವಳ ಸಂಗಡಿಗರೂ ಹುಣಸೆಹಣ್ಣಿನ ಮೊರಗಳನ್ನು ನಮ್ಮ ಕಡೆಗೇ ತಂದುಕೊಂಡಿದ್ದರು.

ಹೊರಡುವ ಮೊದಲು ಅವ್ವ ಹೊಸ ಕಟ್ಟಳೆ ಮಾಡಿದಳು. ಸಂಜೆ ಏಳಕ್ಕೆ ಫೋನು ಬಟ್ಟೆಯಿಂದ ಹೊರಗೆ ಬರುತ್ತದೆ, ಜಪಸರ ಮತ್ತು ಊರ ಸುದ್ದಿ ಮುಗಿದ ಮೇಲೆ ಮತ್ತೆ ಒಳಗೆ. ಧಾರಾವಾಹಿ ಇಲ್ಲ, ರೀಲ್ಸ್ ಇಲ್ಲ. "ಊರ ಸುದ್ದಿ ಉಪಾಸಕ್ಕೆ ಬರಲ್ವಾ?" ಎಂದು ಕೇಳಿದೆ. "ಅದು ಪರಸ್ಪರ ಪ್ರೀತಿ," ಎಂದಳು ಲೂರ್ದಮ್ಮತ್ತೆ. ನಾನೂ ಒಪ್ಪಿದೆ. ಡ್ಯೂಟಿ ಫೋನು ಬಂದರೆ ಎತ್ತುವುದು, ಉಳಿದಂತೆ ಕಾಲ್ ಮುಗಿದ ಮೇಲೆ ಫೋನನ್ನು ರಿಂಗ್ ಕೇಳುವಂತೆ ಕಿಟಕಿಯಲ್ಲಿಟ್ಟು ಸಾಕಮ್ಮನ ಜಗಲಿಗೆ ಹೋಗುವುದು. ಮೊದಮೊದಲು ಬೆರಳು ತುರಿಸಿದ್ದು ನಿಜ. ಹುಣಸೆಹಣ್ಣಿನ ಅಂಟು ಮೆತ್ತಿದ ಬೆರಳಿನಲ್ಲಿ ಫೋನು ಮುಟ್ಟುವಂತಿಲ್ಲವಲ್ಲ, ಬಚಾವಾದೆ. ಕೋಳಿ ಉಂಡದ್ದನ್ನು ಅವ್ವ ಪಾಪನಿವೇದನೆಯಲ್ಲಿ ಹೇಳಿಕೊಂಡಳಂತೆ. "ಆ ಮನೇಲಿ ಉಣ್ಣದೆ ಎದ್ದಿದ್ರೆ ಅದನ್ನ ಬಂದು ಹೇಳ್ಕೋಬೇಕಿತ್ತು ನೋಡಿ," ಎಂದರಂತೆ ಸ್ವಾಮಿಗಳು. ಅವ್ವ ಈ ಮಾತನ್ನು ಇಡೀ ಊರಿಗೆ ಹೇಳಿಕೊಂಡು ಬಂದಳು, ಲೂರ್ದಮ್ಮತ್ತೆಗೆ ಎರಡು ಸಲ.

ಹಬ್ಬ ಬಂತು. ಶನಿವಾರ ಮಧ್ಯಾಹ್ನವೇ ಊರಿಗೆ ಹೊರಡಲು ಚೀಲ ಕಟ್ಟಿಟ್ಟಿದ್ದೆ. ದೊಡ್ಡ ಚೀಲ, ಬಟ್ಟೆಯೆಲ್ಲ ತುಂಬಿದ್ದೆ. ಹೋಗಿಬರುವುದೋ ಹೋಗಿಯೇಬಿಡುವುದೋ ನನಗಿನ್ನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಆಶಾ ಕಾರ್ಯಕರ್ತೆಯ ಫೋನು ಬಂತು, ಊರಾಚೆಯ ತೋಟದ ಮನೆಯ ಹುಡುಗಿಗೆ ಹೆರಿಗೆ ನೋವು. ಕಾಲು ಊದಿದೆಯೆಂದು ಜಗಲಿಯಲ್ಲಿ ಸುಳಿವು ಸಿಕ್ಕಿದ್ದು ಅವಳದೇ. ಮೊದಲೇ ಗೊತ್ತಿದ್ದುದರಿಂದ ಆಂಬ್ಯುಲೆನ್ಸ್ ಕರೆಸಿ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಾಯಿ ಮಗು ಇಬ್ಬರೂ ಕ್ಷೇಮ. ನಾನು ಹಳ್ಳಿಗೆ ಮರಳಿದಾಗ ಭಾನುವಾರದ ಬೆಳಕು ಹರಿದಿತ್ತು. ಹಬ್ಬದ ಪೂಜೆ ತಪ್ಪಿತೆಂದು ಜಗಲಿಯಲ್ಲಿ ಕುಸಿದು ಕುಳಿತೆ.

ಆಗ ಫೋನು ಬಡಿದುಕೊಂಡಿತು. ಅವ್ವನ ವಿಡಿಯೊ ಕಾಲ್. ಎತ್ತಿದರೆ ಮುಖ ಕಾಣುತ್ತಿಲ್ಲ, ಆಕಾಶ ಕಾಣುತ್ತಿದೆ, ಚರ್ಚಿನ ಗೋಪುರ ಅಡ್ಡಡ್ಡ ಕಾಣುತ್ತಿದೆ. ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಿಂದ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ, ಹಬ್ಬಕ್ಕೆ ಮತ್ತೆ ಬಾರಿಸುತ್ತಾರೆ. ಚರ್ಚಿನ ಅಂಗಳಕ್ಕೆ ಎಂದೂ ಫೋನು ತಾರದ ಅವ್ವ, ಸ್ವಾಮಿಗಳನ್ನು ಕೇಳಿಕೊಂಡು ಗಂಟೆಗೋಪುರದ ಕೆಳಗೆ ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು ನಿಂತಿದ್ದಳು. ಗಂಟೆ ಶುರುವಾಯಿತು. ಢಣ ಢಣ ಢಣ. ನಾನು ಫೋನಿನ ಸೌಂಡು ಪೂರ್ತಿ ಹೆಚ್ಚಿಸಿದೆ. ಹಾಲು ಕರೆಯುತ್ತಿದ್ದ ಸಾಕಮ್ಮ ಚೊಂಬು ಹಿಡಿದೇ ಓಡಿಬಂದಳು.

"ಏನ್ ಸಿಸ್ಟ್ರಮ್ಮ, ಇಂಗ್ ಬಾರುಸ್ತಾವ್ರೆ? ಯಾರ್ಗೇನಾಯ್ತು?"

"ಸತ್ತಿದ್ದೋರು ಎದ್ದಿದ್ದಾರೆ ಸಾಕಮ್ಮ. ನಮ್ಮ ದೇವರು."

"ಎದ್ರಾ? ಒಳ್ಳೇದಾಯ್ತು ಬುಡು. ತಡಿ, ಆಲು ಕರ್ದಾಯ್ತು, ಕಾಫಿ ತತ್ತೀನಿ," ಎಂದು ಅವಳು ಒಳಗೆ ಹೋದಳು.

ಗಂಟೆ ನಿಂತಿತು. ಗೋಪುರ ತಲೆಕೆಳಗಾಗಿ, ಅಂಗಳ ಹಾದು, ಕೊನೆಗೆ ಅವ್ವನ ಮುಖ ಪರದೆಯ ತುಂಬ ಬಂತು. ತೋಳು ನೋಯುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

"ಕೇಳುಸ್ತಾ ಮಗ?"

"ಪೂರ್ತಿ ಕೇಳಿಸ್ತವ್ವ."

"ಅಂಗಾರೆ ಯಾವಾಗ್ ಬತ್ತೀಯ?"

ಒಳಗೆ ಕಟ್ಟಿಟ್ಟ ಚೀಲವಿತ್ತು, ಸಂಜೆಗೆ ಬಸ್ಸೂ ಇತ್ತು. ತಾಲ್ಲೂಕು ಆಸ್ಪತ್ರೆಯಿಂದ ಬಾಣಂತಿಯನ್ನು ಕಳಿಸುವುದು ನಾಡಿದ್ದು, ಕೂಸಿನ ತೂಕ ನೋಡಬೇಕು.

"ರಜಾ ಸಿಕ್ಕಿದಾಗ ಅವ್ವ," ಎಂದೆ.